ಪಿಸಿಟಿ 0.4 ಬಂತು ಅಂದ್ರೆ ಅಜ್ಜಿಗೆ ಸೆಪ್ಸಿಸ್ ಇಲ್ಲ ಅಂತಲೇ?

ಶಿರಸಿ ಕಡೆಯ 86 ವರ್ಷದ ಒಬ್ಬ ಅಜ್ಜಿ ಎಂದಿಟ್ಟುಕೊಳ್ಳಿ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದೆ. ಆಪರೇಷನ್ ಆಗಿ ಮೂರು ದಿನ. ಇವತ್ತು ಬೆಳಿಗ್ಗೆಯಿಂದ ಮಂಪರು, ಏನೇನೋ ಮಾತು, ಬಿಪಿ ಸ್ವಲ್ಪ ಇಳಿದಿದೆ. ಐಸಿಯುಗೆ ಹಾಕಿದ್ದಾರೆ. ಲ್ಯಾಬ್ ರಿಪೋರ್ಟ್ ಕೈಗೆ ಬಂದ ಐದೇ ನಿಮಿಷದಲ್ಲಿ ಅದರ ಫೋಟೋ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿರುತ್ತದೆ. ಬೆಂಗಳೂರಿನ ಮೊಮ್ಮಗ ಗೂಗಲ್ ಮಾಡಿ ಬರೆಯುತ್ತಾನೆ: "ಪಿಸಿಟಿ 0.4 ಅಷ್ಟೇ. 0.5ರ ಒಳಗಿದ್ರೆ ಸೆಪ್ಸಿಸ್ ಇಲ್ವಂತೆ. ಮತ್ಯಾಕೆ ಇಷ್ಟು ದೊಡ್ಡ ಆ್ಯಂಟಿಬಯೋಟಿಕ್?" ಹುಬ್ಬಳ್ಳಿಯ ಚಿಕ್ಕಮ್ಮನ ಉತ್ತರ ಕೂಡಲೇ ಬರುತ್ತದೆ: "ಸಿಆರ್‌ಪಿ 140 ಇದ್ಯಲ್ಲೋ, ಅದು 5ರ ಒಳಗಿರ್ಬೇಕು. ಮೈಪೂರ್ತಿ ಇನ್ಫೆಕ್ಷನ್ ಆಗಿದೆ."

ಪಿಸಿಟಿ, ಸಿಆರ್‌ಪಿ ಎರಡೂ ಸೋಂಕಿನ ಸುಳಿವಿಗಾಗಿ ಮಾಡಿಸುವ ರಕ್ತಪರೀಕ್ಷೆಗಳು. ಇಬ್ಬರೂ ಓದಿದ ಸಂಖ್ಯೆ ಸರಿ. ತೀರ್ಮಾನ ಮಾತ್ರ ಇಬ್ಬರದೂ ಆತುರದ್ದು. ಎಂಬತ್ತು ದಾಟಿದವರ ವಿಷಯದಲ್ಲಿ ಈ ಸಂಖ್ಯೆಗಳನ್ನು ಒಂದೇ ಸಲ ನೋಡಿ ಹೌದು, ಅಲ್ಲ ಎಂದು ಹೇಳಲು ಬರುವುದಿಲ್ಲ. ಯಾಕೆ ಅಂತ ನೋಡೋಣ.

ಮೊದಲು ಸೆಪ್ಸಿಸ್ ಅಂದರೇನು? ನಮ್ಮ ಕಡೆ "ರಕ್ತಕ್ಕೆ ನಂಜೇರಿದೆ" ಅಂತಾರೆ. ರಕ್ತದಲ್ಲಿ ಬ್ಯಾಕ್ಟೀರಿಯಾ ಓಡಾಡುವುದೇ ಸೆಪ್ಸಿಸ್ ಎಂಬ ಭಾವನೆ ಅದರಲ್ಲಿದೆ. 2016ರಿಂದ ವೈದ್ಯರು ಬಳಸುವ ವ್ಯಾಖ್ಯೆ ಬೇರೆ. ಎಲ್ಲೋ ಒಂದು ಕಡೆ ಸೋಂಕು ಇದೆ, ಶ್ವಾಸಕೋಶದಲ್ಲೋ ಮೂತ್ರನಾಳದಲ್ಲೋ. ಅದನ್ನು ಎದುರಿಸಲು ಹೊರಟ ದೇಹವೇ ಹತೋಟಿ ತಪ್ಪಿ, ಕಿಡ್ನಿ, ಲಿವರ್, ಶ್ವಾಸಕೋಶ, ಮಿದುಳಿನಂಥ ಅಂಗಗಳಿಗೆ ಪೆಟ್ಟು ಕೊಡುತ್ತಿದೆ. ಈ ಸ್ಥಿತಿಯೇ ಸೆಪ್ಸಿಸ್. ರಕ್ತ ಕಲ್ಚರ್ ಮಾಡಿದರೆ, ಅಂದರೆ ರಕ್ತವನ್ನು ಬಾಟಲಿಯಲ್ಲಿಟ್ಟು ಬ್ಯಾಕ್ಟೀರಿಯಾ ಬೆಳೆಯುತ್ತದಾ ಎಂದು ನೋಡಿದರೆ, ಹೆಚ್ಚಿನ ಸೆಪ್ಸಿಸ್ ರೋಗಿಗಳಲ್ಲಿ ಯಾವ ಬ್ಯಾಕ್ಟೀರಿಯಾವೂ ಬೆಳೆಯುವುದಿಲ್ಲ. ಬೆಳೆಯುವುದು ಮೂರರಲ್ಲಿ ಒಬ್ಬರಿಗೆ, ಅಷ್ಟೇ.

ಹಾಗಾಗಿ ಇಲ್ಲೊಂದು ಕಷ್ಟ. ಮಲೇರಿಯಾ ಆದರೆ ಸ್ಲೈಡಿನಲ್ಲಿ ಪರೋಪಜೀವಿ ಕಣ್ಣಿಗೆ ಕಾಣುತ್ತದೆ. ಸೆಪ್ಸಿಸ್ ಹಾಗೆ ಕಾಣುವ ವಸ್ತುವಲ್ಲ. ಸೋಂಕು ಇದೆಯೇ, ಅಂಗಗಳು ಸೋಲುತ್ತಿವೆಯೇ, ಸೋಲುವುದಕ್ಕೆ ಆ ಸೋಂಕೇ ಕಾರಣವೇ ಎಂಬ ಮೂರು ಪ್ರಶ್ನೆ ಕೂಡಿದ ತೀರ್ಮಾನ ಅದು. ರಕ್ತದ ಮಾರ್ಕರ್‌ಗಳು, ಅಂದರೆ ಪಿಸಿಟಿ, ಸಿಆರ್‌ಪಿಯಂತೆ ಕಾಯಿಲೆಯ ಸುಳಿವು ಕೊಡುವ ವಸ್ತುಗಳು, ಒಂದೊಂದು ಪ್ರಶ್ನೆಗೆ ಅರ್ಧರ್ಧ ಉತ್ತರ ಕೊಡುತ್ತವೆ. ಪೂರ್ತಿ ಉತ್ತರ ಕೊಡುವ ಒಂದು ಮಾರ್ಕರ್‌ಗಾಗಿ ಹುಡುಕಾಟ ಬೇಕಾದಷ್ಟು ನಡೆದಿದೆ. 2010ರಲ್ಲಿ ಇಬ್ಬರು ಸಂಶೋಧಕರು ಲೆಕ್ಕ ಹಾಕಿದಾಗ ಸೆಪ್ಸಿಸ್‌ಗೆಂದು ಪರೀಕ್ಷಿಸಿದ ಮಾರ್ಕರ್‌ಗಳು 178 ಇದ್ದವು. ಹತ್ತು ವರ್ಷ ಬಿಟ್ಟು ಮತ್ತೆ ಎಣಿಸಿದಾಗ 258. ಒಂದು ಒಳ್ಳೆಯದು ಸಿಕ್ಕಿದ್ದರೆ ಪಟ್ಟಿ ಇಷ್ಟು ಉದ್ದ ಆಗುತ್ತಿರಲಿಲ್ಲ, ಅಲ್ವಾ?

ಇನ್ನು ವಯಸ್ಸಿನ ವಿಷಯ. ತೀರಾ ವಯಸ್ಸಾದವರಿಗೆ ಸೋಂಕು ಜೋರಾಗಿದ್ದರೂ ಜ್ವರ ಬರದೇ ಇರಬಹುದು. ನಾಲ್ವರಲ್ಲಿ ಒಬ್ಬರಿಗಾದರೂ ಹೀಗಾಗುತ್ತದೆ ಎಂಬ ಅಂದಾಜಿದೆ. ಹೃದಯದ ಮಾತ್ರೆ, ಅಂದರೆ ಬೀಟಾ ಬ್ಲಾಕರ್ ತಗೊಳ್ಳುವವರಾದರೆ ನಾಡಿ ಬಡಿತವೂ ಏರುವುದಿಲ್ಲ. ಯಾವಾಗಲೂ 160 ಬಿಪಿ ಇರುವ ಅಜ್ಜಿಗೆ 110 ಬಂದರೆ ಚಾರ್ಟಿನಲ್ಲಿ ಅದು ಚೆಂದವಾಗಿ ಕಾಣುತ್ತದೆ, ಅವರ ಕಿಡ್ನಿಗೆ ಮಾತ್ರ ಅದು ಸಾಲದು. ಕೆಲವರಲ್ಲಿ ಮೊದಲು ಕಾಣುವುದು ಮಂಪರು, ಅಸಂಬದ್ಧ ಮಾತು, ಊಟ ಬೇಡ ಅನ್ನುವುದು, ಎದ್ದು ಕೂರಲಾಗದಿರುವುದು. ಮನೆಯವರು "ವಯಸ್ಸಾಯ್ತಲ್ಲ" ಅಂತ ಸುಮ್ನಾಗುತ್ತಾರೆ.

ರಕ್ತವೂ ಹೀಗೇ ಮೋಸ ಮಾಡುತ್ತದೆ, ಅದೂ ಎರಡೂ ಕಡೆಯಿಂದ. ವಯಸ್ಸಾದಂತೆ ರೋಗನಿರೋಧಕ ಶಕ್ತಿ ಮಂಕಾಗುತ್ತದೆ. ಸೋಂಕು ಬಂದಾಗ ಏರಬೇಕಾದ್ದು ನಿಧಾನಕ್ಕೆ ಏರುತ್ತದೆ, ಅಥವಾ ಏರುವುದೇ ಇಲ್ಲ. ಇನ್ನೊಂದು ಕಡೆ, ಸಂಧಿವಾತ, ಸಕ್ಕರೆ ಕಾಯಿಲೆ, ಹಳೇ ಹೃದಯದ ತೊಂದರೆ ಎಲ್ಲ ಸೇರಿ ಯಾವ ಸೋಂಕೂ ಇಲ್ಲದ ದಿನವೂ ಉರಿಯೂತದ ಮಟ್ಟ ಸ್ವಲ್ಪ ಜಾಸ್ತಿಯೇ ಇರುತ್ತದೆ. ರಿಪೋರ್ಟಿನ ಪಕ್ಕದಲ್ಲಿ ಅಚ್ಚಾಗಿರುವ "ನಾರ್ಮಲ್" ಅಂಕಿಗಳು ಇವರನ್ನು ನೋಡಿ ಬರೆದವಲ್ಲ.

ಬಿಳಿ ರಕ್ತಕಣಗಳ ಎಣಿಕೆಯನ್ನು ಬೇಗ ಮುಗಿಸಿಬಿಡಬಹುದು. ಏರಿದರೆ ಅನುಮಾನ ಬರುತ್ತದೆ. ಏರದಿದ್ದರೆ ಧೈರ್ಯ ತಂದುಕೊಳ್ಳುವಂತಿಲ್ಲ. ಸ್ಟೆರಾಯ್ಡ್ ಕೊಟ್ಟರೂ ಏರುತ್ತದೆ, ಬಿದ್ದು ಪೆಟ್ಟಾದರೂ ಏರುತ್ತದೆ.

ಸಿಆರ್‌ಪಿ ಹಳೆಯದು. 1930ರಲ್ಲಿ ನ್ಯೂಯಾರ್ಕಿನಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಕಂಡುಹಿಡಿದರು. ದೇಹದಲ್ಲಿ ಎಲ್ಲೇ ಉರಿಯೂತ ಆದರೂ ಲಿವರ್ ಇದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಎಲ್ಲೇ ಆದರೂ, ಯಾಕೇ ಆದರೂ. ಅದರ ಗುಣವೂ ಅದೇ, ದೋಷವೂ ಅದೇ. ಮೂಳೆ ಮುರಿದರೆ ಏರುತ್ತದೆ, ಆಪರೇಷನ್ ಆದರೆ ಏರುತ್ತದೆ. ಸೊಂಟದ ಆಪರೇಷನ್ ಆದ ಎರಡು ಮೂರನೇ ದಿನ ಸಿಆರ್‌ಪಿ ನೂರು ದಾಟುವುದು ಮಾಮೂಲು. ಚಿಕ್ಕಮ್ಮ ಹೆದರಿದ 140ಕ್ಕೆ ಆ ಆಪರೇಷನ್ ಒಂದೇ ಸಾಕು.

ಆದರೆ ಇದರ ಮುಂದಿನ ಭಾಗ ಮುಖ್ಯ. ಮೂರನೇ ದಿನ ತುದಿ ಮುಟ್ಟಿದ ಸಿಆರ್‌ಪಿ ಆಮೇಲೆ ಇಳಿಯಬೇಕು. ಐದನೇ ದಿನಕ್ಕೆ 90ಕ್ಕೆ ಬಂದರೆ ಅದು ಆಪರೇಷನ್ನಿನದ್ದೇ ಇರಬಹುದು. ಇಳಿಯದೆ 210ಕ್ಕೆ ಹೋದರೆ ಒಳಗೆ ಹೊಸದೇನೋ ಶುರುವಾಗಿರಬಹುದು. ಏರುವುದರಲ್ಲೂ ಇದು ನಿಧಾನ. ಸೋಂಕು ಶುರುವಾಗಿ ಆರೆಂಟು ಗಂಟೆ ಬೇಕು ಏರಲು, ತುದಿ ಮುಟ್ಟಲು ಎರಡು ದಿನ. ಲಿವರ್ ಪೂರಾ ಸೋತವರಲ್ಲಿ, ಸ್ಟೆರಾಯ್ಡ್ ತಗೊಳ್ಳುವವರಲ್ಲಿ ಏರಬೇಕಾದಷ್ಟು ಏರುವುದಿಲ್ಲ.

ಇನ್ನೊಂದು ಚಿಕ್ಕ ವಿಷಯ, ಎಷ್ಟೋ ಮನೆಗಳಲ್ಲಿ ಗಾಬರಿ ಹುಟ್ಟಿಸುವಂಥದ್ದು. ಕೆಲವು ಲ್ಯಾಬ್‌ಗಳು ಸಿಆರ್‌ಪಿಯನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆಯುತ್ತವೆ. ಕೆಲವು ಡೆಸಿಲೀಟರಿಗೆ ಇಷ್ಟು ಎಂದು. ಎರಡಕ್ಕೂ ಹತ್ತು ಪಟ್ಟು ವ್ಯತ್ಯಾಸ. ಒಂದು ಕಡೆಯ 14, ಇನ್ನೊಂದು ಕಡೆಯ 140, ಎರಡೂ ಒಂದೇ. ಆಸ್ಪತ್ರೆ ಬದಲಾದಾಗ ಸಂಖ್ಯೆ ಮಾತ್ರ ನೋಡಿದರೆ ಒಂದೇ ದಿನದಲ್ಲಿ ಅಜ್ಜಿಗೆ ವಾಸಿಯಾಯಿತು ಅಂತಲೂ ಅನಿಸಬಹುದು, ಕೈಮೀರಿತು ಅಂತಲೂ ಅನಿಸಬಹುದು. ಸಂಖ್ಯೆಯ ಪಕ್ಕದ ಅಳತೆ ನೋಡಿಯೇ ಮುಂದಿನ ಮಾತು.

ಈಗ ಪಿಸಿಟಿ. ಪೂರ್ತಿ ಹೆಸರು ಪ್ರೊಕ್ಯಾಲ್ಸಿಟೋನಿನ್. ಮಾಮೂಲಿ ದಿನಗಳಲ್ಲಿ ಇದು ಥೈರಾಯ್ಡ್ ಗ್ರಂಥಿಯಲ್ಲಿ ತಯಾರಾಗಿ ಅಲ್ಲೇ ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನ್ ಆಗಿಬಿಡುತ್ತದೆ. ರಕ್ತಕ್ಕೆ ಬರುವುದು ಇಲ್ಲವೆನ್ನುವಷ್ಟು ಕಡಿಮೆ. ಬ್ಯಾಕ್ಟೀರಿಯಾದ ಸೋಂಕು ಜೋರಾದಾಗ ದೇಹದ ಬೇರೆ ಬೇರೆ ಅಂಗಗಳೂ ಇದನ್ನು ತಯಾರಿಸತೊಡಗುತ್ತವೆ. ನಾಲ್ಕು ಗಂಟೆಯ ಹೊತ್ತಿಗೆ ಏರಲು ಶುರು, ಒಂದು ದಿನದೊಳಗೆ ತುದಿ. ಸೋಂಕು ಹತೋಟಿಗೆ ಬಂದರೆ ದಿನಕ್ಕೆ ಹೆಚ್ಚುಕಡಿಮೆ ಅರ್ಧದಷ್ಟು ಇಳಿಯುತ್ತದೆ. ವೈರಸ್ ಸೋಂಕಿನಲ್ಲಿ ಸಾಮಾನ್ಯವಾಗಿ ಅಷ್ಟು ಏರುವುದಿಲ್ಲ. ಇದಕ್ಕೇ ಇದರ ಮೇಲೆ ಎಲ್ಲರಿಗೂ ಅಷ್ಟು ನಂಬಿಕೆ. ಬ್ಯಾಕ್ಟೀರಿಯಾ ಸೋಂಕಿಗೂ ಪಿಸಿಟಿಗೂ ಇರುವ ಈ ನಂಟನ್ನು 1993ರಲ್ಲಿ ಪ್ಯಾರಿಸ್ಸಿನ ವೈದ್ಯರು ತೋರಿಸಿದ್ದು ಮಕ್ಕಳಲ್ಲಿ. ನವಜಾತ ಶಿಶುಗಳಿಂದ ಹನ್ನೆರಡು ವರ್ಷದವರೆಗಿನ ಮಕ್ಕಳಲ್ಲಿ ಶುರುವಾದ ಕಥೆಯನ್ನು ನಾವೀಗ 86ರ ಅಜ್ಜಿಯ ಮೇಲೆ ಓದುತ್ತಿದ್ದೇವೆ!

0.4 ಯಾಕೆ ಸಮಾಧಾನ ಕೊಡುವ ಸಂಖ್ಯೆಯಲ್ಲ? ರಕ್ತ ತೆಗೆದದ್ದು ಸೋಂಕು ಶುರುವಾದ ಎರಡನೇ ಗಂಟೆಯಲ್ಲಿ ಆಗಿರಬಹುದು. ಸೋಂಕು ಒಂದೇ ಕಡೆ ಕಟ್ಟಿಕೊಂಡು ಕೂತಿರಬಹುದು, ಹುಣ್ಣಿನ ಕೀವಿನ ಹಾಗೆ. ಆಗ ಪಿಸಿಟಿ ಅಷ್ಟು ಏರುವುದಿಲ್ಲ. ವಯಸ್ಸಿನ ದೇಹ ಏರಿಸುವುದರಲ್ಲೇ ಹಿಂದೆ ಬಿದ್ದಿರಬಹುದು. ಹಾಗಂತ 3 ಬಂದರೆ ಖಂಡಿತ ಸೆಪ್ಸಿಸ್ ಅಂತಲೂ ಅಲ್ಲ. ದೊಡ್ಡ ಆಪರೇಷನ್, ಸುಟ್ಟ ಗಾಯ, ಹೃದಯ ಸೋತು ಬಿಪಿ ಬಿದ್ದ ಸ್ಥಿತಿ, ಕಿಡ್ನಿ ವೈಫಲ್ಯ, ಇವೆಲ್ಲವುಗಳಲ್ಲೂ ಪಿಸಿಟಿ ಏರುತ್ತದೆ.

ಕಿಡ್ನಿಯ ಮಾತು ಬಂದಿದ್ದರಿಂದ ಒಂದು ಲೆಕ್ಕ ಮಾಡಿ ನೋಡೋಣ. ನಮ್ಮ ಅಜ್ಜಿಯ ತೂಕ 40 ಕಿಲೋ. ಕಿಡ್ನಿಯ ಕೆಲಸ ಅಳೆಯಲು ನೋಡುವ ಕ್ರಿಯಾಟಿನಿನ್ 0.9. ರಿಪೋರ್ಟಿನಲ್ಲಿ ಅದರ ಪಕ್ಕ ಯಾವ ನಕ್ಷತ್ರದ ಗುರುತೂ ಇಲ್ಲ, ದಪ್ಪ ಅಕ್ಷರವೂ ಇಲ್ಲ. ಕ್ರಿಯಾಟಿನಿನ್ ಬರುವುದು ಸ್ನಾಯುಗಳಿಂದ. ಅಜ್ಜಿಯ ಮೈಯಲ್ಲಿ ಸ್ನಾಯು ಎಲ್ಲಿದೆ? ವೈದ್ಯರು ಬಳಸುವ ಸೂತ್ರ ಹಾಕಿ: 140ರಿಂದ ವಯಸ್ಸು ಕಳೆದರೆ 54. ಅದನ್ನು ತೂಕ 40ರಿಂದ ಗುಣಿಸಿದರೆ 2160. 72ನ್ನು 0.9ರಿಂದ ಗುಣಿಸಿ ಬಂದ 64.8ರಿಂದ ಭಾಗಿಸಿ. ಹೆಂಗಸಾದ್ದರಿಂದ 0.85ರಿಂದ ಗುಣಿಸಿ. ಬರುವುದು ನಿಮಿಷಕ್ಕೆ ಸುಮಾರು 28 ಮಿಲಿ, ಅಂದರೆ ಕಿಡ್ನಿ ನಿಮಿಷಕ್ಕೆ ಅಷ್ಟು ರಕ್ತವನ್ನು ಶುದ್ಧ ಮಾಡುತ್ತಿದೆ. ಆರೋಗ್ಯವಂತ ಯುವಕರಲ್ಲಿ ಇದು ನೂರರ ಆಸುಪಾಸು ಇರುತ್ತದೆ. ಅಂದರೆ "ನಾರ್ಮಲ್" ಎಂದು ಅಚ್ಚಾದ ಕಿಡ್ನಿ ಕಾಲುಭಾಗದಷ್ಟು ಕೆಲಸ ಮಾಡುತ್ತಿದೆ. ಇಂಥವರಲ್ಲಿ ಪಿಸಿಟಿಯ ಮಾಮೂಲಿ ಮಟ್ಟವೇ ಸ್ವಲ್ಪ ಮೇಲಿರಬಹುದು, ಏರಿದ್ದು ಇಳಿಯುವುದೂ ನಿಧಾನ. ಆ್ಯಂಟಿಬಯೋಟಿಕ್ ಡೋಸನ್ನೂ ಈ 28 ನೋಡಿಯೇ ಹೊಂದಿಸಬೇಕು. ಜಪಾನಿನಲ್ಲಿ ಹುಟ್ಟಿದ ಪ್ರೆಸೆಪ್ಸಿನ್ ಎಂಬ ಹೊಸ ಮಾರ್ಕರ್ ಪಿಸಿಟಿಗಿಂತ ಬೇಗ ಏರುತ್ತದೆ ಎಂಬ ಹೆಸರು ಪಡೆದಿದೆ. ಆದರೆ ಅದು ಕಿಡ್ನಿಗೆ ಇನ್ನೂ ಜಾಸ್ತಿ ಅಂಟಿಕೊಂಡಿದೆ. ಕಿಡ್ನಿ ಸೊರಗಿದ ವೃದ್ಧರಲ್ಲಿ ಅದನ್ನು ಓದುವುದು ಇನ್ನೂ ತ್ರಾಸು.

ಲ್ಯಾಕ್ಟೇಟ್ ಬೇರೆಯದೇ ಜಾತಿ. ಅದು ಸೋಂಕಿನ ಮಾರ್ಕರ್ ಅಲ್ಲವೇ ಅಲ್ಲ. ಅಂಗಾಂಶಗಳಿಗೆ ರಕ್ತ, ಆಮ್ಲಜನಕ ಸಾಲುತ್ತಿಲ್ಲ, ದೇಹ ಒತ್ತಡದಲ್ಲಿದೆ ಎಂಬುದನ್ನು ಅದು ಹೇಳುತ್ತದೆ. ಡ್ರಿಪ್ ಕೊಟ್ಟ ಮೇಲೂ ಬಿಪಿ ಬೀಳದಂತೆ ಹಿಡಿದಿಡಲು ಔಷಧ ಬೇಕಾಗಿ, ಲ್ಯಾಕ್ಟೇಟ್ 2ಕ್ಕಿಂತ ಮೇಲೇ ಇದ್ದರೆ ಅದನ್ನು ಸೆಪ್ಟಿಕ್ ಶಾಕ್ ಎನ್ನುತ್ತಾರೆ. ಇಷ್ಟೂ ಮಾರ್ಕರ್‌ಗಳಲ್ಲಿ ಒಂದೇ ಆರಿಸಿಕೋ ಎಂದರೆ ನಾನು ಇದನ್ನೇ ಆರಿಸುತ್ತೇನೆ. ಎಷ್ಟು ಅವಸರ ಎಂಬುದನ್ನು ಇದು ಹೇಳುತ್ತದೆ, ಫಲಿತಾಂಶ ಕೆಲವೇ ನಿಮಿಷಗಳಲ್ಲಿ ಸಿಗುತ್ತದೆ. ಆದರೂ ಎಚ್ಚರ ಬೇಕು. ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ನೆಬ್ಯುಲೈಸರ್, ಲಿವರ್ ತೊಂದರೆ, ಫಿಟ್ಸ್, ಕಿಡ್ನಿ ಸೋತಿರುವಾಗ ಮೆಟ್‌ಫಾರ್ಮಿನ್ ಮಾತ್ರೆ, ಎಲ್ಲವೂ ಇದನ್ನು ಏರಿಸಬಲ್ಲವು. ತೆಗೆದ ರಕ್ತವನ್ನು ಸುಮ್ನೆ ಇಟ್ಟರೆ ಟ್ಯೂಬಿನೊಳಗೇ ರಕ್ತಕಣಗಳು ಲ್ಯಾಕ್ಟೇಟ್ ಮಾಡುತ್ತಾ ಕೂರುತ್ತವೆ. ಸ್ಯಾಂಪಲ್ ಲ್ಯಾಬ್‌ಗೆ ಓಡಬೇಕು.

ಮಾರ್ಕರ್ ಎಷ್ಟು ನಂಬಿಕಸ್ಥ ಎಂಬುದಕ್ಕೆ ಒಂದು ಅಳತೆ ಇದೆ. 2013ರಲ್ಲಿ 30 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ತೀವ್ರ ಅಸ್ವಸ್ಥರಲ್ಲಿ ಪಿಸಿಟಿ ಸೆಪ್ಸಿಸ್ ಇದ್ದವರಲ್ಲಿ ಶೇಕಡಾ 77 ಮಂದಿಯನ್ನು ಹಿಡಿಯಿತು. ಸೆಪ್ಸಿಸ್ ಇಲ್ಲದವರಲ್ಲಿ ಶೇಕಡಾ 79 ಮಂದಿಯನ್ನು ಸರಿಯಾಗಿ ಬಿಟ್ಟಿತು. ಇದು ಎಲ್ಲ ವಯಸ್ಸಿನವರ ಲೆಕ್ಕ. ಕೇಳಲು ಚೆನ್ನಾಗಿದೆ. ಜನರ ಲೆಕ್ಕಕ್ಕೆ ಇಳಿಸಿ ನೋಡಿ.

ಸೋಂಕಿನ ಅನುಮಾನ ಬಲವಾಗಿರುವ 100 ಜನ ಐಸಿಯು ರೋಗಿಗಳು. ಅವರಲ್ಲಿ 60 ಜನರಿಗೆ ನಿಜಕ್ಕೂ ಸೆಪ್ಸಿಸ್. ಪಿಸಿಟಿ ಅವರಲ್ಲಿ 46 ಜನರನ್ನು ಹಿಡಿಯುತ್ತದೆ, 14 ಜನ ತಪ್ಪಿಸಿಕೊಳ್ಳುತ್ತಾರೆ. ಸೆಪ್ಸಿಸ್ ಇಲ್ಲದ 40ರಲ್ಲಿ 32 ಜನರಿಗೆ ಕಡಿಮೆ ಬರುತ್ತದೆ. ಅಂದರೆ ಪಿಸಿಟಿ ಕಡಿಮೆ ಬಂದವರು ಒಟ್ಟು 46, ಅವರಲ್ಲಿ 14 ಜನರಿಗೆ ಸೆಪ್ಸಿಸ್ ಇದೆ. ಹತ್ತರಲ್ಲಿ ಮೂವರು! ಮೊಮ್ಮಗನ ಮಾತು ಕೇಳಿ ಆ್ಯಂಟಿಬಯೋಟಿಕ್ ನಿಲ್ಲಿಸಿದ್ದರೆ ಆ ಮೂವರ ಗತಿ? ಈಗ ತಿರುಗಿಸಿ. ಸುಮ್ನೆ ಎಲ್ಲರಿಗೂ ಟೆಸ್ಟ್ ಮಾಡಿಸಿದ 100 ಜನ, ಅವರಲ್ಲಿ ಸೆಪ್ಸಿಸ್ ಇರುವುದು 10 ಜನರಿಗೆ ಮಾತ್ರ. ಪಿಸಿಟಿ 8 ಜನರನ್ನು ಹಿಡಿಯುತ್ತದೆ. ಆದರೆ ಉಳಿದ 90ರಲ್ಲಿ 19 ಜನರಿಗೆ ಸುಮ್ಮಸುಮ್ಮನೆ ಜಾಸ್ತಿ ಬರುತ್ತದೆ. ಜಾಸ್ತಿ ಬಂದ 27 ಜನರಲ್ಲಿ ನಿಜವಾದ ರೋಗಿಗಳು ಎಂಟೇ. ಅದೇ ಟೆಸ್ಟ್, ಅದೇ ಮಷಿನ್. ಟೆಸ್ಟ್ ಮಾಡುವ ಮೊದಲು ಅನುಮಾನ ಎಷ್ಟಿತ್ತು ಎಂಬುದರ ಮೇಲೆ ಸಂಖ್ಯೆಯ ಅರ್ಥವೇ ಬದಲಾಗುತ್ತದೆ.

ಹಾಗಾಗಿಯೇ 2021ರ ಅಂತಾರಾಷ್ಟ್ರೀಯ ಸೆಪ್ಸಿಸ್ ಮಾರ್ಗಸೂಚಿ, ಆ್ಯಂಟಿಬಯೋಟಿಕ್ ಶುರು ಮಾಡಬೇಕೋ ಬೇಡವೋ ಎಂಬುದಕ್ಕೆ ಪಿಸಿಟಿಯನ್ನು ನೆಚ್ಚಬೇಡಿ, ರೋಗಿಯನ್ನು ನೋಡಿ ತೀರ್ಮಾನಿಸಿ ಎನ್ನುತ್ತದೆ. ಶಾಕ್ ಇದ್ದರೆ ಒಂದು ಗಂಟೆಯೊಳಗೆ ಔಷಧ ಹೋಗಬೇಕು. ಶಾಕ್ ಇಲ್ಲ, ಸೆಪ್ಸಿಸ್ ಹೌದೋ ಅಲ್ಲವೋ ಎಂಬ ಗೊಂದಲವಿದ್ದರೆ ಮೂರು ಗಂಟೆಯೊಳಗೆ ಪರೀಕ್ಷೆ ಮಾಡಿ ತೀರ್ಮಾನಕ್ಕೆ ಬರಬೇಕು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಮಳೆಗಾಲದಲ್ಲಿ ಗದ್ದೆ, ತೋಟದ ಕೆಸರಿನಿಂದ ಇಲಿಜ್ವರ ಬರುತ್ತದೆ. ಅದು ಜೋರಾದಾಗ ಪಿಸಿಟಿ, ಸಿಆರ್‌ಪಿ ಎರಡೂ ಏರುತ್ತವೆ, ಪ್ಲೇಟ್‌ಲೆಟ್ ಇಳಿಯುತ್ತದೆ, ಕಿಡ್ನಿ ಸೋಲುತ್ತದೆ. ಅದೂ ಸೆಪ್ಸಿಸ್ಸೇ, ಆದರೆ ಮಾಮೂಲಿ ಕಲ್ಚರ್ ಬಾಟಲಿಯಲ್ಲಿ ಆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಸಿದ್ದಾಪುರದ ಕಡೆ ಬೇಸಿಗೆಯಲ್ಲಿ ಮಂಗನ ಕಾಯಿಲೆಯ ಭಯ. ಅದು ವೈರಸ್. ಅದರಲ್ಲೂ ಪ್ಲೇಟ್‌ಲೆಟ್ ಬೀಳುತ್ತದೆ, ಬಿಳಿ ಕಣವೂ ಬೀಳುತ್ತದೆ. ರಕ್ತದ ಸಂಖ್ಯೆಗಳು ಈ ಕಾಯಿಲೆಗಳನ್ನು ಹೆಸರು ಹಿಡಿದು ಹೇಳುವುದಿಲ್ಲ. "ಹೋದ ವಾರ ತೋಟಕ್ಕೆ ಹೋಗಿದ್ರು", "ಸೊಪ್ಪು ತರಲು ಬೆಟ್ಟಕ್ಕೆ ಹೋಗಿದ್ರು" ಎಂದು ಮನೆಯವರು ಹೇಳುವ ಒಂದು ಮಾತು ಹೇಳುತ್ತದೆ. ಎಂಬತ್ತೈದಾದರೂ ತೋಟಕ್ಕೆ ಹೋಗದೆ ಕೂರುವ ಅಜ್ಜಂದಿರು ನಮ್ಮಲ್ಲಿ ಎಷ್ಟು ಜನ?

ಮೂತ್ರದ ರಿಪೋರ್ಟೂ ದಾರಿ ತಪ್ಪಿಸುತ್ತದೆ. ವಯಸ್ಸಾದ ಹೆಂಗಸರಲ್ಲಿ ಯಾವ ತೊಂದರೆಯೂ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಟ್ಯೂಬ್ ಹಾಕಿ ಬಹಳ ದಿನ ಆದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಇರುತ್ತದೆ. ಮೂತ್ರದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು, ಕಾರಣ ಗೊತ್ತಾಯಿತು ಎಂದು ಹುಡುಕಾಟ ನಿಲ್ಲಿಸಿದರೆ ಎದೆಯಲ್ಲಿ ಕೂತ ನ್ಯುಮೋನಿಯಾ ಕಣ್ತಪ್ಪಬಹುದು.

ಹಾಗಾದರೆ ಈ ಟೆಸ್ಟ್‌ಗಳು ದಂಡವೇ? ಅಲ್ಲ. ಒಂದು ಸಲ ನೋಡುವುದು ದಂಡ, ಅಷ್ಟೇ. ಕಾರವಾರದಲ್ಲಿ ಕಾಳಿ ನದಿಯ ಅಳಿವೆ ನೋಡಿದವರಿಗೆ ಇದು ಗೊತ್ತು: ಒಂದೇ ಸಲ ನೋಡಿ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಹೇಳಲಾಗದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಬೇಕು. ನಮ್ಮ ಅಜ್ಜಿಗೆ ಹನ್ನೆರಡು ಗಂಟೆ ಬಿಟ್ಟು ಮತ್ತೆ ಪಿಸಿಟಿ ಮಾಡಿದರು ಎಂದಿಟ್ಟುಕೊಳ್ಳಿ. 3.8. ಮರುದಿನ 6.0. ಎಕ್ಸ್‌ರೇಯಲ್ಲಿ ಬಲಗಡೆ ನ್ಯುಮೋನಿಯಾ. ಮೊದಲ 0.4 ಸುಳ್ಳಲ್ಲ, ಅದು ಏರುವ ದಾರಿಯ ಶುರು. ಆ ದಿನ ಡಾಕ್ಟರು 0.4 ನೋಡಿ ಸುಮ್ನಾಗದೆ, ಮಂಪರು ಮತ್ತು ಬಿಪಿ ನೋಡಿ ಔಷಧ ಶುರು ಮಾಡಿದ್ದರಿಂದ ಒಂದು ದಿನ ಉಳಿಯಿತು. ಆಮೇಲೆ 3.4, 1.9, ನಾಲ್ಕನೇ ದಿನ 1.1.

ಈ ಇಳಿಮುಖದಲ್ಲೇ ಪಿಸಿಟಿ ನಿಜಕ್ಕೂ ಕೆಲಸಕ್ಕೆ ಬರುವುದು. ತುದಿಯಿಂದ ಶೇಕಡಾ 80ರಷ್ಟು ಇಳಿದರೆ, ಅಥವಾ 0.5ಕ್ಕಿಂತ ಕೆಳಗೆ ಬಂದರೆ, ರೋಗಿಯೂ ಸುಧಾರಿಸುತ್ತಿದ್ದರೆ, ಆ್ಯಂಟಿಬಯೋಟಿಕ್ ನಿಲ್ಲಿಸುವ ಯೋಚನೆ ಮಾಡಬಹುದು. 6.0ರಿಂದ 1.1 ಆ ಗೆರೆ ದಾಟಿತು. ನೆದರ್ಲೆಂಡ್ಸ್‌ನ ಐಸಿಯುಗಳಲ್ಲಿ ಈ ನಿಯಮ ಹಾಕಿ ನೋಡಿದ ಅಧ್ಯಯನ 2016ರಲ್ಲಿ ಬಂತು. ಆ್ಯಂಟಿಬಯೋಟಿಕ್ ಏಳು ದಿನದಿಂದ ಐದಕ್ಕೆ ಇಳಿಯಿತು, ಸಾವು ಹೆಚ್ಚಾಗಲಿಲ್ಲ, ಕಡಿಮೆಯೇ ಆಯಿತು. ಬ್ರಿಟನ್ನಿನಲ್ಲಿ 2,760 ರೋಗಿಗಳ ಮೇಲೆ ನಡೆದು 2024ರ ಕೊನೆಗೆ ಬಂದ ಅಧ್ಯಯನದಲ್ಲಿ ಪಿಸಿಟಿ ನೋಡಿ ನಡೆದವರಿಗೆ ಸುಮಾರು ಒಂದು ದಿನದ ಔಷಧ ಉಳಿಯಿತು. ಸಿಆರ್‌ಪಿ ನೋಡಿ ನಡೆದವರಿಗೆ ಏನೂ ಉಳಿಯಲಿಲ್ಲ. ಒಂದು ದಿನ ಎಂದರೆ ಕಡಿಮೆ ಅನಿಸಬಹುದು. 28 ಮಿಲಿ ಕಿಡ್ನಿ ಇರುವವರಿಗೆ, ಆ್ಯಂಟಿಬಯೋಟಿಕ್‌ನಿಂದ ಬೇಧಿ ಹತ್ತಿ ಹಾಸಿಗೆ ಹಿಡಿಯುವ ವಯಸ್ಸಿನವರಿಗೆ ಅದು ಕಡಿಮೆಯಲ್ಲ.

ಈ ಸಂಖ್ಯೆಗಳು ಹೇಳದ ಇನ್ನೊಂದು ಇದೆ: ಅಜ್ಜಿ ಚೇತರಿಸಿಕೊಂಡು ಮನೆಗೆ ಬರುತ್ತಾರಾ? ಅದಕ್ಕೆ ಪಿಸಿಟಿಗಿಂತ, ಕಾಯಿಲೆಗೆ ಮೊದಲು ಅವರು ಎಷ್ಟು ಗಟ್ಟಿಯಿದ್ದರು ಎಂಬುದು ಮುಖ್ಯ. ಯುರೋಪಿನಲ್ಲಿ ಎಂಬತ್ತು ದಾಟಿದ ಐಸಿಯು ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನಗಳು ಇದನ್ನೇ ತೋರಿಸಿವೆ. ಹಾಗಾಗಿ ಐಸಿಯು ಡಾಕ್ಟರು "ಮೊದಲು ಒಬ್ಬರೇ ಸ್ನಾನ ಮಾಡ್ತಿದ್ರಾ, ಮೆಟ್ಟಿಲು ಹತ್ತುತ್ತಿದ್ರಾ?" ಎಂದು ಕೇಳಿದರೆ ಅದು ಕುಶಲೋಪರಿಯಲ್ಲ. ಹೆಚ್ಚು ಮಾಡಿ ಹೇಳಬೇಡಿ, ಕಡಿಮೆ ಮಾಡಿಯೂ ಹೇಳಬೇಡಿ.

ಕೊನೆಗೆ ನಮ್ಮ ಜಿಲ್ಲೆಯ ಮಾಮೂಲಿ ಕಥೆ, ದೂರದ್ದು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಹಳೆಯದು. ಪರಿಸ್ಥಿತಿ ಕೈಮೀರುವಂತಿದ್ದರೆ ಕಾರವಾರದವರು ಗೋವಾಕ್ಕೆ, ಶಿರಸಿಯವರು ಹುಬ್ಬಳ್ಳಿಗೆ, ಕುಮಟಾ ಹೊನ್ನಾವರದವರು ಮಣಿಪಾಲಕ್ಕೆ ಓಡುತ್ತಾರೆ. ದಾರಿ ನೂರು ಕಿಲೋಮೀಟರಿನ ಆಸುಪಾಸು. ಹಾಗಾಗಿ ಒಂದು ಗಂಟೆಯ ನಿಯಮ ಆಂಬುಲೆನ್ಸಿನಲ್ಲೇ ಮುಗಿದುಹೋಗುತ್ತದೆ. ಹೊರಡುವ ಮೊದಲೇ ಕಲ್ಚರ್‌ಗೆ ರಕ್ತ ತೆಗೆದು, ಮೊದಲ ಡೋಸ್ ಕೊಡಲಾಗುತ್ತದಾ ಎಂದು ಡಾಕ್ಟರನ್ನು ಕೇಳಿ. ಕಲ್ಚರ್ ಆ್ಯಂಟಿಬಯೋಟಿಕ್‌ಗಿಂತ ಮೊದಲು ಆಗಬೇಕು, ಆದರೆ ಅದಕ್ಕಾಗಿ ಔಷಧ ತಡವಾಗಬಾರದು.

ಕೇಸ್ ಶೀಟಿನ ಜೊತೆ ಒಂದು ಹಾಳೆಯಲ್ಲಿ ಇಷ್ಟು ಬರೆದಿಟ್ಟುಕೊಳ್ಳಿ. ಮಂಪರು ಶುರುವಾದದ್ದು ಯಾವಾಗ. ಅಜ್ಜಿಯ ಮಾಮೂಲಿ ಬಿಪಿ ಎಷ್ಟು, ದಿನಾ ತಗೊಳ್ಳುವ ಮಾತ್ರೆಗಳು ಯಾವುವು, ತೂಕ ಎಷ್ಟು. ಪ್ರತಿ ಪಿಸಿಟಿ, ಸಿಆರ್‌ಪಿ, ಲ್ಯಾಕ್ಟೇಟ್ ಎದುರಿಗೆ ರಕ್ತ ತೆಗೆದ ಗಂಟೆ ಮತ್ತು ಅಳತೆ. ಒಂದು ಲ್ಯಾಬಿನ ಪಿಸಿಟಿ ಮಷಿನ್ನಿಗೂ ಇನ್ನೊಂದರದಕ್ಕೂ ಸ್ವಲ್ಪ ಫರಕಿರುತ್ತದೆ, ಹಾಗಾಗಿ ಲ್ಯಾಬ್ ಯಾವುದು ಎಂಬುದೂ ಇರಲಿ. ಮೊದಲ ಆ್ಯಂಟಿಬಯೋಟಿಕ್ ಹೆಸರು, ಕೊಟ್ಟ ಹೊತ್ತು. ಕಲ್ಚರ್ ರಿಪೋರ್ಟ್ ಬರಲು ಎರಡು ಮೂರು ದಿನ ಬೇಕು. ಅಷ್ಟರಲ್ಲಿ ಅಜ್ಜಿ ಹುಬ್ಬಳ್ಳಿಯಲ್ಲಿರುತ್ತಾರೆ, ರಿಪೋರ್ಟ್ ಶಿರಸಿಗೆ ಬಂದು ಬೀಳುತ್ತದೆ. ಆ ಲ್ಯಾಬಿನ ಫೋನ್ ನಂಬರ್ ತಗೊಂಡು, ಊರಲ್ಲೇ ಉಳಿದ ಒಬ್ಬರಿಗೆ ಆ ಕೆಲಸ ವಹಿಸಿ ಹೊರಡಿ.